ಉಸಿರು ನೋಡುವುದನ್ನು ಕಲಿಯುತ್ತಿದ್ದಾಗ

ಎಂಟು ವಾರ, ದಿನಕ್ಕೆ ಇಪ್ಪತ್ತು ನಿಮಿಷ, ತಪ್ಪದೆ ಡೈರಿ. ಗೈಡ್ ಮೇಡಂ ನನಗೆ ಹಾಕಿದ ಷರತ್ತು ಇಷ್ಟೇ. ನಾನಾಗ ರಾಯಚೂರಿನಲ್ಲಿ ಎಂ.ಎಸ್ಸಿ. ನರ್ಸಿಂಗ್ ಎರಡನೇ ವರ್ಷದಲ್ಲಿದ್ದೆ. ಪ್ರಬಂಧಕ್ಕೆ ಆರಿಸಿಕೊಂಡ ವಿಷಯ ಮೈಂಡ್‌ಫುಲ್‌ನೆಸ್. ಈ ಗಳಿಗೆಯಲ್ಲಿ ಏನು ನಡೆಯುತ್ತಿದೆಯೋ ಅದನ್ನು ತಿದ್ದಲು ಹೋಗದೆ, ಅದರಿಂದ ಓಡಿಹೋಗದೆ, ಸುಮ್ಮನೆ ಗಮನಿಸುವ ಅಭ್ಯಾಸ. ಮೊದಲ ಸಲ ವಾರ್ಡಿಗೆ ಬರುವ ಬಿ.ಎಸ್ಸಿ. ಹುಡುಗಿಯರಿಗೆ ಅದನ್ನು ಕಲಿಸಿ, ಅವರ ಆತಂಕ ಇಳಿಯುತ್ತದೆಯೇ ಎಂದು ನೋಡಬೇಕಿತ್ತು.

"ಮೊದಲ ನೀವು ಮಾಡ್ರಿ," ಅಂದಿದ್ದರು ಮೇಡಂ. "ನೀವು ಮಾಡಲಾರದ್ದನ್ನ ಕಲಸಾಕ ಹೋದ್ರ ಹುಡುಗ್ಯಾರಿಗಿ ಒಂದ ದಿನದಾಗ ಗೊತ್ತಾಗ್ತದ. ಶನಿವಾರಕ್ಕೊಮ್ಮೆ ಡೈರಿ ತರ್ರಿ, ಓದಿ ಸಹಿ ಮಾಡ್ತೀನಿ."

ಮಾನ್ವಿಯ ಮನೆಯಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಕಲ್ಲೂರು ದಾಟಿದ ಮೇಲೆ ಬಸ್ಸಿನ ಗದ್ದಲ ಒಂದಿಷ್ಟು ಇಳಿಯುತ್ತಿತ್ತು. ಅಲ್ಲಿಂದ ಕಣ್ಣು ಮುಚ್ಚಿ ಉಸಿರು ಎಣಿಸುವುದು. ಒಂದರಿಂದ ಹತ್ತು, ಮತ್ತೆ ಒಂದರಿಂದ. ಮೊದಲ ವಾರ ನಾಲ್ಕು ದಾಟಲಿಲ್ಲ. ನಾಲ್ಕಕ್ಕೆ ಬರುವಷ್ಟರಲ್ಲಿ ಮನಸ್ಸು ಹಾಜರಿ ಪುಸ್ತಕಕ್ಕೋ, ಸೆಮಿನಾರಿಗೋ, ಗ್ಯಾಸ್ ಒಲೆ ಆರಿಸಿದೆನೋ ಇಲ್ಲವೋ ಎಂಬುದಕ್ಕೋ ಹೋಗಿರುತ್ತಿತ್ತು. ಒಂದು ದಿನ ಕಂಡಕ್ಟರ್ ಹತ್ತಿರ ಬಂದು, "ಆರಾಮಿಲ್ಲೇನ್ರಿ ಯಕ್ಕಾ? ಕಿಟಕಿ ತಗೀಲೇನು?" ಎಂದು ಕೇಳಿದ. ಮನೆಯಲ್ಲಿ ಕೂತು ಮಾಡುವುದನ್ನು ನೋಡಿದ ಅಪ್ಪ, "ಇದಕ್ಕ ಎರಡು ವರ್ಷ ಓದಬೇಕೇನವ್ವಾ? ನಮ್ಮ ಬುದ್ಧ ವಿಹಾರದಾಗ ಪ್ರತಿ ಐತ್ವಾರ ಪುಗಸಟ್ಟೆ ಧ್ಯಾನಕ್ಕ ಕುಂದರಸ್ತಾರಲ್ಲ," ಎಂದು ನಕ್ಕಿದ್ದ.

ಮೂರನೇ ವಾರಕ್ಕೆ ಹಿಡಿತ ಸಿಕ್ಕಿತು. ಮನಸ್ಸು ಆಚೆ ಹೋದದ್ದು ಗೊತ್ತಾಗುತ್ತಿತ್ತು, ಬೈದುಕೊಳ್ಳದೆ ವಾಪಸ್ ಕರೆತರುವುದೂ ಬಂತು. ವಾರ್ಡಿನಲ್ಲಿ ಎರಡು ಕೆಲಸ ಒಟ್ಟಿಗೆ ಮೈಮೇಲೆ ಬಿದ್ದಾಗ ಗಡಿಬಿಡಿಯಾಗುವುದು ಕಡಿಮೆಯಾಗಿತ್ತು. ಡೈರಿಯಲ್ಲಿ ಇದನ್ನೆಲ್ಲ ಚೆಂದದ ಅಕ್ಷರದಲ್ಲಿ ಬರೆದೆ. ಸ್ವಲ್ಪ ಹೆಮ್ಮೆಯೂ ಇತ್ತು ಅಂತ ಈಗ ಒಪ್ಪಿಕೊಳ್ಳುತ್ತೇನೆ.

ನಾಲ್ಕನೇ ವಾರದ ಸೋಮವಾರ ಮೆಡಿಸಿನ್ ವಾರ್ಡಿನ ತೀವ್ರ ನಿಗಾ ಕೋಣೆಯಲ್ಲಿ ನನ್ನ ಪೋಸ್ಟಿಂಗ್ ಶುರುವಾಯಿತು. ಅವತ್ತೇ ಬೆಳಿಗ್ಗೆ ದೇವದುರ್ಗದಿಂದ ಒಬ್ಬ ರೋಗಿ ಬಂದಿದ್ದ. ಇಪ್ಪತ್ತೇಳು ವರ್ಷ, ಬಾಡಿಗೆಗೆ ಟಂಟಂ ಆಟೋ ಓಡಿಸುವ ಡ್ರೈವರ್. ಹಿಂದಿನ ದಿನ ಯಾರದೋ ಹೊಲಕ್ಕೆ ಗೊಬ್ಬರದ ಚೀಲ ಸಾಗಿಸಿದ್ದ. ಚೀಲದ ಜೊತೆ ಯಾರೋ ಒಂದು ತಂಪು ಪಾನೀಯದ ಬಾಟಲಿಯಲ್ಲಿ ಕಳೆನಾಶಕ ತುಂಬಿಟ್ಟಿದ್ದರು. ಅದು ಸೀಟಿನ ಬಳಿ ಉಳಿದಿತ್ತು. ಬಿಸಿಲಲ್ಲಿ ಬಾಯಾರಿ, ರಸ್ತೆಯ ಮೇಲೆ ಕಣ್ಣಿಟ್ಟುಕೊಂಡೇ ಎತ್ತಿ ಕುಡಿದ. ಒಂದು ಗುಟುಕು ಒಳಗೆ ಹೋಯಿತು, ಉಳಿದದ್ದನ್ನು ಉಗಿದ.

ದೇವದುರ್ಗದಲ್ಲಿ ಹೊಟ್ಟೆ ತೊಳೆದು, ಇದ್ದಿಲ ಪುಡಿಯ ಔಷಧ ಕುಡಿಸಿ ಕಳಿಸಿದ್ದರು. ಓದಲು ಬರುವ ಮುಂಚೆ ನಾನು ಕೆಲಸ ಮಾಡಿದ್ದ ಆಸ್ಪತ್ರೆ ಅದು. ಮಾಡಬೇಕಾದ್ದನ್ನೆಲ್ಲ ಮಾಡಿದ್ದರು ಎಂದು ಕಾಗದ ನೋಡಿದೊಡನೆ ತಿಳಿಯಿತು. ಅವನ ತುಟಿಯ ಸುತ್ತ ಇನ್ನೂ ಕಪ್ಪು ಇತ್ತು. ಒರೆಸಲು ಹೋದರೆ ನಕ್ಕ.

"ಬಿಡ್ರಿ ಅಕ್ಕಾ, ಇದ್ದಲಿ ತಿಂದ ಹುಡುಗನಂಗ ಕಾಣಾಕತ್ತೀನಿ. ಗಂಟಲ ಒಂದ ಉರಿತದ, ಉಳಕಿದ್ದೆಲ್ಲ ಬರೋಬ್ಬರಿ ಅದ."

ಜೊತೆಗೆ ಅವನ ಅಕ್ಕ ಇದ್ದಳು. ನಲವತ್ತರ ಸುಮಾರಿನ ಹೆಂಗಸು, ದೇವದುರ್ಗದ ಬಜಾರದಲ್ಲಿ ಬಳೆ ಅಂಗಡಿ. ಅವನು ಆಪಾ ಎನ್ನುತ್ತಿದ್ದ, ಎರಡನೇ ದಿನದಿಂದ ನಾನೂ ಹಾಗೇ ಕರೆದೆ.

ಪಿಜಿ ಡಾಕ್ಟರ್ ಅವನ ಮೂತ್ರವನ್ನು ಗಾಜಿನ ಕೊಳವೆಯಲ್ಲಿ ತೆಗೆದುಕೊಂಡು ಬಿಳಿ ಪುಡಿ ಹಾಕಿ ಅಲುಗಾಡಿಸಿದರು. ವಿಷ ರಕ್ತಕ್ಕೆ ಎಷ್ಟು ಸೇರಿದೆ ಎಂದು ಅಂದಾಜು ಮಾಡುವ ಪರೀಕ್ಷೆ ಅದು. ತಿಳಿ ನೀಲಿಯಾದರೆ ಇನ್ನೂ ಆಸೆ ಇದೆ. ಕೊಳವೆ ಶಾಯಿಯಂತೆ ಕಡುನೀಲಿಯಾಯಿತು. ಡಾಕ್ಟರ್ ಅದನ್ನು ಸಿಂಕಿಗೆ ಸುರಿದು ನೀರು ಬಿಟ್ಟರು.

ಈ ವಿಷಕ್ಕೆ ಮದ್ದಿಲ್ಲ. ಮೊದಲು ಬಾಯಿ, ಗಂಟಲು ಹುಣ್ಣಾಗುತ್ತವೆ. ಮೂರನೇ ದಿನದ ಹೊತ್ತಿಗೆ ಮೂತ್ರಪಿಂಡ ಸೋಲುತ್ತದೆ. ಆಮೇಲೆ ಶ್ವಾಸಕೋಶ ಸ್ವಲ್ಪಸ್ವಲ್ಪವೇ ಗಟ್ಟಿಯಾಗುತ್ತ ಬರುತ್ತದೆ. ಪ್ರಜ್ಞೆ ಮಾತ್ರ ಕೊನೆಯವರೆಗೂ ತಿಳಿಯಾಗಿರುತ್ತದೆ. ಇನ್ನೊಂದು ಸಂಗತಿಯೂ ಇದೆ, ಅದೇ ನಮ್ಮನ್ನೆಲ್ಲ ಕಟ್ಟಿಹಾಕಿದ್ದು. ಈ ರೋಗಿಗೆ ಆಕ್ಸಿಜನ್ ಕೊಡಬಾರದು. ಕೊಟ್ಟ ಆಕ್ಸಿಜನ್ನನ್ನೇ ಬಳಸಿಕೊಂಡು ವಿಷ ಶ್ವಾಸಕೋಶವನ್ನು ಇನ್ನಷ್ಟು ಬೇಗ ಸುಡುತ್ತದೆ. ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದು ಅಡಿಗೆರೆ ಎಳೆದಿದ್ದರು.

ಎರಡು ಸಲ ಡಯಾಲಿಸಿಸ್ ಆಯಿತು. ಸ್ಟೆರಾಯ್ಡ್ ಶುರುವಾಯಿತು. ನನ್ನ ಕೆಲಸ ತಾಸಿಗೊಮ್ಮೆ ಮೂತ್ರ ಅಳೆಯುವುದು, ಬಾಯಿಯ ಹುಣ್ಣಿಗೆ ಔಷಧ ಸವರುವುದು, ಬೆರಳಿಗೆ ಪುಟ್ಟ ಯಂತ್ರ ಸಿಕ್ಕಿಸಿ ರಕ್ತದಲ್ಲಿನ ಆಕ್ಸಿಜನ್ ಎಷ್ಟಿದೆ ಎಂದು ಬರೆದಿಡುವುದು. ಸೋಮವಾರ ತೊಂಬತ್ತೇಳು. ಬುಧವಾರ ತೊಂಬತ್ಮೂರು. ಗುರುವಾರ ಬೆಳಿಗ್ಗೆ ತೊಂಬತ್ತು. ಮಾತಿನ ನಡುವೆ ಅವನು ನಿಲ್ಲತೊಡಗಿದ್ದ.

"ಪೈಪ್ ಇಲ್ಲೇ ತಲಿ ಮ್ಯಾಲ ಅದಲ್ರಿ ಸಿಸ್ಟರ್," ಅಂದಳು ಆಪಾ, ಗೋಡೆಯಲ್ಲಿದ್ದ ಆಕ್ಸಿಜನ್ ನಳಿಕೆ ತೋರಿಸಿ. "ಬಾಜೂ ಮುದುಕಗ ಹಚ್ಚೀರಿ. ನಮ್ಮವಗ ಯಾಕ ಹಚ್ಚವಲ್ರಿ?"

ಹೇಳಿದೆ. ಬೆಂಕಿಗೆ ಗಾಳಿ ಹಾಕಿದ ಹಾಗೆ ಆಗುತ್ತದೆ ಎಂದೆ. ಅರ್ಥವಾದವಳಂತೆ ತಲೆ ಆಡಿಸಿದಳು. ಅರ್ಧ ತಾಸಿಗೆ ಮತ್ತೆ ಬಂದಳು. "ಒಂದೀಟ ಹಚ್ರಿ. ಯಾರಿಗೂ ಹೇಳಂಗಿಲ್ಲ." ಮಧ್ಯಾಹ್ನದ ಹೊತ್ತಿಗೆ ಸಿಟ್ಟಿಗೆದ್ದಿದ್ದಳು. "ನಿಮ್ಮ ತಮ್ಮ ಇದ್ದಿದ್ರ ಹಿಂಗ ನೋಡ್ಕೋತ ನಿಂದರ್ತಿದ್ರೇನು?" ಎಂದು ಇಡೀ ಕೋಣೆಗೆ ಕೇಳುವಂತೆ ಅಂದಳು. ನಾನು ಚಾರ್ಟಿನಲ್ಲಿ ತೊಂಬತ್ತು ಎಂದು ಬರೆದಿದ್ದ ಅಂಕಿಯ ಮೇಲೇ ಇನ್ನೊಮ್ಮೆ ಪೆನ್ನಾಡಿಸುತ್ತ ನಿಂತೆ.

ಅವತ್ತು ಸಂಜೆ ನಾನು ತಪ್ಪು ಮಾಡಿದೆ. ಅವನಿಗೆ ಗಾಬರಿ ಹತ್ತಿತ್ತು, ಹಾಸಿಗೆಯ ಕಂಬಿ ಹಿಡಿದು ಕೂತಿದ್ದ. ಕೊಡಬಹುದಾದ ಔಷಧವೆಲ್ಲ ಕೊಟ್ಟಾಗಿತ್ತು. ಮೂರು ವಾರದಿಂದ ಕಲಿತದ್ದು ನನ್ನ ಕೈಯಲ್ಲಿ ಇದೆಯಲ್ಲ ಅನ್ನಿಸಿತು. ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತೆ.

"ತಮ್ಮಾ, ಕಣ್ಣ ಮುಚ್ಚು. ಉಸುರು ಒಳಗ ಹೋಗೂದನ್ನ ಸುಮ್ಮನ ನೋಡು. ಬದಲಿ ಮಾಡಾಕ ಹೋಗಬ್ಯಾಡ. ನೋಡು ಅಷ್ಟ."

ಅವನು ಹೇಳಿದ ಹಾಗೆ ಕೇಳಿದ. ಕಣ್ಣು ಮುಚ್ಚಿದ. ಒಂದು ಉಸಿರು, ಎರಡು, ಮೂರು. ನಾಲ್ಕನೆಯದಕ್ಕೆ ಕಣ್ಣು ಅಗಲವಾಗಿ ತೆರೆದು ನನ್ನ ಮುಂಗೈ ಹಿಡಿದ. ಎದೆ ಬಡಿದುಕೊಳ್ಳುತ್ತಿದ್ದದ್ದು ಅಂಗಿಯ ಮೇಲಿಂದಲೇ ಕಾಣುತ್ತಿತ್ತು.

"ಅಕ್ಕಾ, ನೋಡಬಾರದ್ರಿ ಅದನ್ನ," ಎಂದ, ನಡುನಡುವೆ ನಿಂತು. "ನೋಡಿದ್ರ... ಸಾಲಂಗಿಲ್ಲ ಅಂತ... ಗೊತ್ತಾಗ್ತದ."

ಯಂತ್ರ ಎಂಬತ್ತಾರು ತೋರಿಸಿತು. ಪಿಜಿ ಡಾಕ್ಟರ್ ಓಡಿಬಂದರು. ಅವನನ್ನು ಮುಂದಕ್ಕೆ ಬಾಗಿಸಿ ಕೂರಿಸಿ, ಬೆನ್ನು ತಟ್ಟಿ, ಸಣ್ಣದೊಂದು ಇಂಜೆಕ್ಷನ್ ಕೊಟ್ಟು ತಹಬಂದಿಗೆ ತರಲು ಅರ್ಧ ತಾಸು ಹಿಡಿಯಿತು. ಆಮೇಲೆ ನನ್ನನ್ನು ಬಾಗಿಲ ಹತ್ತಿರ ಕರೆದರು.

"ಏನು ಮಾಡಿಸ್ತಾ ಇದ್ರಿ?"

ಹೇಳಿದೆ.

"ನಿಮ್ಮ ಥೀಸಿಸ್ ನನ್ನ ಪೇಶೆಂಟ್ ಮೇಲೆ ಬೇಡ," ಎಂದರು. ದನಿ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

ಅವತ್ತಿನಿಂದ ನನಗೂ ಅಭ್ಯಾಸ ಮಾಡಲಾಗಲಿಲ್ಲ. ಗುರುವಾರ ಸಂಜೆ ವಾಪಸ್ ಬಸ್ಸಿನಲ್ಲಿ ಕಣ್ಣು ಮುಚ್ಚಿದರೆ ನನ್ನ ಉಸಿರಿನ ಜಾಗದಲ್ಲಿ ಅವನ ಉಸಿರು ಬರುತ್ತಿತ್ತು. ನಾನು ಆರಾಮಾಗಿ ಎಳೆದುಕೊಳ್ಳುವ ಪ್ರತಿಯೊಂದೂ ಅವನಿಂದ ಕಸಿದುಕೊಂಡದ್ದು ಅನ್ನಿಸುತ್ತಿತ್ತು. ಶುಕ್ರವಾರ ಕಣ್ಣು ಬಿಟ್ಟುಕೊಂಡೇ ರಾಯಚೂರಿಗೆ ಬಂದೆ. ಶನಿವಾರವೂ ಅಷ್ಟೇ. ಆದರೆ ಶನಿವಾರ ಡೈರಿ ತೋರಿಸಬೇಕಿತ್ತು. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಮೂರು ದಿನದ್ದನ್ನೂ ಒಟ್ಟಿಗೆ ಬರೆದೆ. ಇಪ್ಪತ್ತು ನಿಮಿಷ, ಗಮನ ಚೆನ್ನಾಗಿತ್ತು, ಮನಸ್ಸು ಹಗುರ. ಇಪ್ಪತ್ತು ನಿಮಿಷ, ಹಗುರ. ಇಪ್ಪತ್ತು ನಿಮಿಷ, ಹಗುರ.

ಮೇಡಂ ಓದಿ, ಸಹಿ ಹಾಕಿ, "ಚಲೋ ನಡದದ. ಹಿಂಗ ಮುಂದುವರಸ್ರಿ," ಎಂದರು.

ಭಾನುವಾರ ಮಾನ್ವಿಯ ಮನೆಯಲ್ಲಿ ಬಟ್ಟೆ ಒಗೆದೆ, ಅಮ್ಮ ಹಾಕಿದ ರೊಟ್ಟಿ ಅರ್ಧಕ್ಕೆ ಬಿಟ್ಟೆ. ಸೋಮವಾರ ಹೋಗುವಷ್ಟರಲ್ಲಿ ಅವನ ಹಾಸಿಗೆ ಖಾಲಿ ಇದ್ದರೆ ಒಳ್ಳೆಯದು ಎಂಬ ಯೋಚನೆ ಬಂತು. ಅದನ್ನು ಯಾರಿಗೂ ಹೇಳಲಿಲ್ಲ.

ಹಾಸಿಗೆ ಖಾಲಿ ಇರಲಿಲ್ಲ. ಅವನು ಒರಗಿಕೊಂಡು ಕೂತಿದ್ದ, ಹೆಗಲ ಮೂಳೆ ಪ್ರತಿ ಉಸಿರಿಗೂ ಮೇಲೆದ್ದು ಇಳಿಯುತ್ತಿತ್ತು. ನನ್ನನ್ನು ನೋಡಿ ಕೈ ಎತ್ತಿದ. ಗುರುವಾರದ್ದಕ್ಕೆ ತಪ್ಪಾಯಿತು ಎಂದೆ.

"ನೀವೇನ್ ಮಾಡೀರಿ," ಅಂದ. ಸ್ವಲ್ಪ ಹೊತ್ತಿನ ನಂತರ, "ಕಾಲ ಕೆಳಗ ಬಿಡಸ್ರಿ. ಸೆಕಿ ಆಗ್ತದ."

ಡ್ರಿಪ್ಪಿನ ನಳಿಕೆ ಸರಿಸಿ, ಮಂಚದ ಅಂಚಿಗೆ ಕೂರಿಸಿ, ಎರಡೂ ಪಾದ ನೆಲಕ್ಕೆ ಮುಟ್ಟಿಸಿದೆ. ಹಳೆಯ ವಾರ್ಡು, ಕೆಳಗೆ ಕಲ್ಲಿನ ಫರಸಿ. ನಾನು ಏನನ್ನೂ ಹೇಳಿಕೊಡಲಿಲ್ಲ. ಆ ಧೈರ್ಯ ಹೋಗಿತ್ತು. ಅವನೇ ಪಾದವನ್ನು ಹಿಂದೆ ಮುಂದೆ ಸವರುತ್ತ, "ತಣ್ಣಗದ," ಎಂದ. ಎಲ್ಲಿ ತಣ್ಣಗಿದೆ ಎಂದು ಕೇಳಿದೆ. ಹಿಮ್ಮಡಿಯಲ್ಲಿ ಜಾಸ್ತಿ, ಬೆರಳಲ್ಲಿ ಕಡಿಮೆ, ಸಂದಿಯಲ್ಲಿ ಸಿಮೆಂಟು ಒರಟಾಗಿದೆ. ಹೀಗೇ ಏಳೆಂಟು ನಿಮಿಷ. ಯಂತ್ರದ ಅಂಕಿ ಒಂದೂ ಏರಲಿಲ್ಲ. ಅಷ್ಟು ಹೊತ್ತು ಅವನು ಕಂಬಿ ಹಿಡಿದಿರಲಿಲ್ಲ, ಅಷ್ಟೇ. ಮಂಗಳವಾರ ಮೂರು ಸಲ ಹಾಗೆ ಕೂರಿಸಿದೆ. ಸಂಜೆ ಕೂರುವ ಶಕ್ತಿ ಇರಲಿಲ್ಲ.

ಬುಧವಾರ ಬೆಳಗಿನ ರೌಂಡ್ಸ್ ಮುಗಿದ ಮೇಲೆ ಫೈಲ್ ತೆಗೆದೆ. ಕೆಂಪು ಶಾಯಿಯ ಸಾಲನ್ನು ಹೊಡೆದುಹಾಕಿದ್ದರು. ಕೆಳಗೆ ನೀಲಿಯಲ್ಲಿ, ಆಕ್ಸಿಜನ್ ನಾಲ್ಕು ಲೀಟರ್, ರೋಗಿಯ ಆರಾಮಕ್ಕಾಗಿ. ಇನ್ನು ಉಳಿಸಿಕೊಳ್ಳಲು ಶ್ವಾಸಕೋಶ ಇಲ್ಲ, ಸಂಕಟವಾದರೂ ಕಡಿಮೆಯಾಗಲಿ ಎಂಬುದು ಅದರ ಅರ್ಥ. ನಳಿಕೆ ಜೋಡಿಸಿದೆ. ಮಾಸ್ಕ್ ಹಾಕಿದೆ. ನೀರಿನ ಡಬ್ಬಿಯಲ್ಲಿ ಗುಳ್ಳೆ ಏಳತೊಡಗಿತು. ಐದು ನಿಮಿಷಕ್ಕೆ ಅವನ ಮುಖದ ಬಿಗಿ ಸಡಿಲಾಯಿತು.

ಆಪಾ ನೀರು ತರಲು ಹೋಗಿದ್ದವಳು ಬಾಗಿಲಲ್ಲೇ ನಿಂತು ನೋಡಿದಳು. ಬಾಟಲಿ ಕೆಳಗಿಟ್ಟು ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು.

"ಕೊಟ್ರಿ. ಕಡೀಗೂ ಕೊಟ್ರಿ. ಅಲ್ಲಾ ನಿಮ್ಮನ್ನ ಚಂದಂಗಿ ಇಡಲಿ. ಅವತ್ತ ಬಾಯಿಗಿ ಬಂದಂಗ ಅಂದೆ, ಮನಸಿನಾಗ ಇಟ್ಕೋಬ್ಯಾಡ್ರಿ."

ಅವಳ ಕಣ್ಣು ನೋಡಲಾಗಲಿಲ್ಲ. ಗಂಭೀರ ಸ್ಥಿತಿ ಎಂದು ಬರೆದ ಕಾಗದಕ್ಕೆ ಮೊದಲ ದಿನವೇ ಅವಳಿಂದ ಸಹಿ ಹಾಕಿಸಿಕೊಂಡಿದ್ದರು. ದಿನಾ ಕೇಳಿದಾಗ ಡಾಕ್ಟರು, "ಈಗಲೇ ಏನೂ ಹೇಳಲಿಕ್ಕಾಗಲ್ಲ, ನೋಡೋಣ," ಎನ್ನುತ್ತಿದ್ದರು. ಅವರಿಗೂ ಬಾಯಿ ಬರುತ್ತಿರಲಿಲ್ಲ ಎಂದು ಕಾಣುತ್ತದೆ, ನನಗಿಂತ ನಾಲ್ಕೈದು ವರ್ಷ ಚಿಕ್ಕವರು. ಫೋನ್ ಮಾಡಿದೆ. ಕ್ಯಾಶುವಾಲ್ಟಿಯಲ್ಲಿದ್ದರು.

"ಸರ್, ಅವರ ಅಕ್ಕಗ ಗೊತ್ತಿಲ್ಲರಿ. ಆರಾಮ ಆಗ್ತದ ಅಂತ ತಿಳ್ಕೊಂಡಾಳ. ನೀವು ಬಂದು ಹೇಳ್ರಿ."

"ಇಲ್ಲಿ ನಾಲ್ಕು ಕೇಸ್ ಒಟ್ಟಿಗೆ ಬಂದಿದೆ ಸಿಸ್ಟರ್. ಸಂಜೆ ರೌಂಡ್ಸಲ್ಲಿ ಹೇಳ್ತೀನಿ. ನೀವು ಏನೂ ಹೇಳಬೇಡಿ."

ರೋಗಿಯ ಮುಂದಿನ ಸ್ಥಿತಿ ಹೇಳುವ ಅಧಿಕಾರ ನರ್ಸಿಗಿಲ್ಲ, ವಿದ್ಯಾರ್ಥಿನಿಗಂತೂ ಇಲ್ಲವೇ ಇಲ್ಲ. ಹತ್ತು ವರ್ಷದಿಂದ ನಾನು ಪಾಲಿಸಿದ ನಿಯಮ ಅದು. ಸಂಜೆಯವರೆಗೆ ತಡೆಯೋಣ ಎಂದುಕೊಂಡು ವಾಪಸ್ ಬಂದೆ. ಆಪಾ ಕಿಟಕಿಯ ಹತ್ತಿರ ಫೋನ್ ಹಿಡಿದು ನಿಂತಿದ್ದಳು. ಮನೆಯವರ ಹತ್ತಿರ ದಖನಿ ಉರ್ದುವಿನಲ್ಲಿ ಮಾತಾಡುತ್ತಿದ್ದಳು. ನನಗೆ ಅಷ್ಟಿಷ್ಟು ಬರುತ್ತದೆ. ಇವತ್ತು ಅಮ್ಮಿ ಬರುವುದು ಬೇಡ, ಮೊಣಕಾಲು ನೋವಲ್ಲಿ ಬಸ್ಸು ಹತ್ತುವುದು ಯಾಕೆ, ಹುಡುಗ ಸುಧಾರಿಸುತ್ತಿದ್ದಾನೆ, ಶುಕ್ರವಾರ ನಮಾಜ್ ಮುಗಿದ ಮೇಲೆ ಬಂದರೆ ಸಾಕು.

ಶುಕ್ರವಾರ ಅವನು ಇರುವುದಿಲ್ಲ ಎಂಬುದು ಆ ಕೋಣೆಯಲ್ಲಿ ನನಗೆ ಗೊತ್ತಿತ್ತು. ಮಂಚದ ಕಡೆ ನೋಡಿದೆ. ಮಾಸ್ಕಿನ ಮೇಲಿಂದ ಅವನು ನನ್ನನ್ನೇ ನೋಡುತ್ತಿದ್ದ. ಅವನಿಗೂ ಗೊತ್ತಿತ್ತು ಅನ್ನಿಸುತ್ತದೆ.

"ಆಪಾ, ಫೋನ್ ಇಡಬ್ಯಾಡ್ರಿ," ಎಂದೆ. "ಅಮ್ಮಿಗಿ ಇವತ್ತ ಬರಾಕ ಹೇಳ್ರಿ. ಈಗ."

"ಯಾಕ್ರಿ? ಈಗ ಆರಾಮ ಅದಾನಲ್ಲ."

"ಇವತ್ತ ಬರ್ಲಿ."

ಅಷ್ಟೇ ಹೇಳಿದ್ದು. ಅವಳು ನನ್ನನ್ನು ನೋಡಿದಳು, ಗೋಡೆಯ ನಳಿಕೆ ನೋಡಿದಳು, ಮತ್ತೆ ನನ್ನನ್ನು. ಕೈಯಲ್ಲಿದ್ದ ಫೋನಿನಿಂದ ಹಲೋ ಹಲೋ ಎಂದು ಕೇಳಿಬರುತ್ತಿತ್ತು. ಕೊನೆಗೆ ಕಿವಿಗಿಟ್ಟುಕೊಂಡು, ಸಣ್ಣ ದನಿಯಲ್ಲಿ, ಅಮ್ಮಿಯನ್ನು ಕರೆದುಕೊಂಡು ಬನ್ನಿ ಎಂದಳು.

ಮಧ್ಯಾಹ್ನ ಮೂರರ ಹೊತ್ತಿಗೆ ಅಮ್ಮಿ ಬಂದಳು. ಅಳಿಯ ತೋಳು ಹಿಡಿದು ನಡೆಸಿಕೊಂಡು ಬಂದ. ಒಬ್ಬರೇ ಒಳಗಿರಬೇಕು ಎಂಬ ನಿಯಮ ಬಿಟ್ಟು, ಇನ್‌ಚಾರ್ಜ್ ಸಿಸ್ಟರ್ ಅಮ್ಮಿಗೂ ಆಪಾಗೂ ಸ್ಟೂಲ್ ಹಾಕಿಸಿದರು. ಅವನು ಮಾಸ್ಕ್ ಸರಿಸಿ ಏನೋ ಹೇಳುತ್ತಿದ್ದ, ಅಮ್ಮಿ ಮತ್ತೆ ಮಾಸ್ಕ್ ಹಾಕುತ್ತಿದ್ದಳು. ಸಂಜೆ ಡಾಕ್ಟರ್ ಬಂದಾಗ ಯಾರೂ ಅವರನ್ನು ಏನೂ ಕೇಳಲಿಲ್ಲ. ನನ್ನ ಡ್ಯೂಟಿ ಮುಗಿದು ಬಸ್ಸಿಗೆ ಹೊರಟಾಗ ಆಪಾ ತಮ್ಮನ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

ಗುರುವಾರ ನಾನು ತಲುಪುವ ಮುಂಚೆಯೇ ಎಲ್ಲ ಮುಗಿದಿತ್ತು. ಬೆಳಗಿನ ಏಳು ಗಂಟೆಗೆ ಹೋದ ಎಂದರು.

ವಿಷದ ಕೇಸಾದ್ದರಿಂದ ಮರಣೋತ್ತರ ಪರೀಕ್ಷೆಯಾಗದೆ ಶವ ಕೊಡುವಂತಿರಲಿಲ್ಲ. ಪೊಲೀಸರು ಬರಬೇಕು, ಪಂಚನಾಮೆ ಆಗಬೇಕು. ನಾನು ಅವನ ಕೈಯ ಸೂಜಿ ತೆಗೆದು, ಮೈ ಒರೆಸಿ, ಮಣಿಕಟ್ಟಿಗೆ ಹೆಸರಿನ ಪಟ್ಟಿ ಕಟ್ಟಿದೆ. ಹನ್ನೊಂದಕ್ಕೆ ಮೇಡಂ ಕರೆದರು. ಪಿಜಿ ಡಾಕ್ಟರ್ ದೂರು ಕೊಟ್ಟಿದ್ದರು. ಬೇಡವೆಂದರೂ ರೋಗಿಯ ಕಡೆಯವರಿಗೆ ಹೇಳಿದ್ದಾರೆ ಎಂದು.

"ಹೇಳೀರೇನು?"

"ಹೇಳೀನ್ರಿ ಮೇಡಂ."

"ಬರದು ಕೊಡ್ರಿ."

ಬರೆದುಕೊಟ್ಟೆ. ಆಮೇಲೆ ಚೀಲದಿಂದ ಡೈರಿ ತೆಗೆದು, ಅವರ ಸಹಿ ಇದ್ದ ಪುಟ ತೆರೆದು ಮುಂದಿಟ್ಟೆ. "ಈ ಮೂರು ದಿನ ನಾ ಏನೂ ಮಾಡಿಲ್ಲರಿ. ಸುಳ್ಳ ಬರದೀನಿ. ಕುಂದರಾಕ ಆಗಲಿಲ್ಲ."

ಮೇಡಂ ಆ ಪುಟ ಇನ್ನೊಮ್ಮೆ ಓದಿದರು. ತಮ್ಮ ಸಹಿಯ ಮೇಲೆ ಒಂದು ಗೆರೆ ಎಳೆದರು. "ಕುಂದರಾಕ ಆಗಲಿಲ್ಲ ಅಂತ ಬರದಿದ್ರ ಅದೂ ಡೈರೀನ ಆಗ್ತಿತ್ತು," ಎಂದರು. "ಎಂಟು ವಾರ ಮೊದಲಿಂದ ಶುರು ಮಾಡ್ರಿ." ದೂರಿನ ಬಗ್ಗೆ ಪ್ರಾಂಶುಪಾಲರು ನೋಡುತ್ತಾರೆ ಎಂದರು. ಒಂದು ತಿಂಗಳ ನಂತರ ಎಚ್ಚರಿಕೆಯ ಪತ್ರ ಬಂತು. ಈಗಲೂ ನನ್ನ ಕಡತದಲ್ಲಿದೆ.

ನಾಲ್ಕು ಗಂಟೆಗೆ ಶವಾಗಾರದ ಕಡೆ ಹೋದೆ. ನನ್ನ ಕೆಲಸವೇನೂ ಅಲ್ಲಿರಲಿಲ್ಲ. ಹೊರಗೆ ಬೇವಿನ ಮರದ ಕೆಳಗೆ ಕಟ್ಟೆಯ ಮೇಲೆ ಆಪಾ ಕೂತಿದ್ದಳು. ಅಮ್ಮಿಯನ್ನು ಗಾಡಿಯೊಳಗೆ ಮಲಗಿಸಿದ್ದರು. ಪಕ್ಕದಲ್ಲಿ ಕೂತೆ.

"ಸಿಸ್ಟರ್, ಒಂದ ಕೇಳತೀನಿ. ನೀವ ಹೇಳಿದ್ರಿ, ಗಾಳಿ ಕೊಟ್ರ ಒಳಗ ಸುಡ್ತದ ಅಂತ. ನಾನ ಕೊಡ್ರಿ, ಕೊಡ್ರಿ ಅಂದೆ. ನಿನ್ನಿ ಕೊಟ್ರಿ, ಇವತ್ತ ಹೋದ. ಅದಕ್ಕ ಹೋದ್ನೇನು?"

"ಇಲ್ಲ ಆಪಾ," ಎಂದೆ. "ನೀವು ಕೇಳಿದ್ರಿ ಅಂತ ಕೊಡಲಿಲ್ಲ. ಒಳಗ ಮೊದಲ ಎಲ್ಲಾ ಮುಗದಿತ್ತು. ಕಡೀ ದಿನ ಸಂಕಟ ಕಡಿಮಿ ಆಗ್ಲಿ ಅಂತ ಕೊಟ್ರು. ಅದರಿಂದ ಹೋಗಿಲ್ಲ."

ತಲೆ ಆಡಿಸಿದಳು. ಒಳಗಿನಿಂದ ಯಾರೋ ಬಂದು ಕಾಗದಕ್ಕೆ ಸಹಿ ಕೇಳಿದರು. ಹೋಗಿ ಹಾಕಿ ಬಂದು ಮತ್ತೆ ಅಲ್ಲೇ ಕೂತಳು.

"ನಾ ಕೇಳಿದ್ದಕ್ಕ ಕೊಟ್ರೇನು?"

ಮತ್ತೆ ಹೇಳಿದೆ. ಅದೇ ಮಾತುಗಳಲ್ಲಿ, ಅಷ್ಟೇ ನಿಧಾನವಾಗಿ. ಅವಳು ಕೇಳಿಸಿಕೊಂಡಳು.

ಐದೂವರೆಗೆ ಶವ ಗಾಡಿಗೆ ಬಂತು. ದೇವದುರ್ಗ ಮುಟ್ಟಿ ದಫನ್ ಮಾಡಬೇಕು ಎಂದು ಗಂಡಸರು ಅವಸರ ಮಾಡುತ್ತಿದ್ದರು. ಆಪಾ ಗಾಡಿಯ ಮೆಟ್ಟಿಲ ಮೇಲೆ ಒಂದು ಕಾಲಿಟ್ಟವಳು ಇಳಿದು ವಾಪಸ್ ಬಂದಳು. ಇನ್ನೇನು ಕೇಳುತ್ತಾಳೆ ಎಂದು ನನಗೆ ಗೊತ್ತಿತ್ತು. ಯಾರೋ ಹಿಂದಿನಿಂದ ಹಾರ್ನ್ ಒತ್ತಿದರು. ಅವಳು ಕೇಳಿ ಮುಗಿಸುವವರೆಗೆ ಕಾದೆ. ಆಮೇಲೆ, ಮೊದಲ ಸಲ ಕೇಳಿದವಳಿಗೆ ಹೇಳುವ ಹಾಗೆ, "ಇಲ್ಲ ಆಪಾ," ಎಂದು ಶುರುಮಾಡಿದೆ.